ಪುಟ್ಟಿ, ತೊಟ್ಟಿ ಮುಚ್ಬೇಡ, ಮೊದಲು ಎಲೆ ಹೊಂದಿಸು

ಹ್ಞಾ ಪುಟ್ಟಿ, ನಿನ್ನ ಮೆಸೇಜು ನೋಡಿದೆ. ಟೈಪ್ ಮಾಡೋಕೆ ಕಣ್ಣು ಸಾಲಲ್ಲ, ಮಾತಲ್ಲೇ ಹೇಳ್ತೀನಿ. ಉದ್ದ ಆಯ್ತು ಅಂತ ಯಾರೂ ಡಬಲ್ ಸ್ಪೀಡ್ ಹಾಕ್ಕೊಂಡು ಕೇಳ್ಬೇಡಿ. ಪಾರ್ಕಿನ ಕಾಂಪೋಸ್ಟ್ ತೊಟ್ಟಿ ಗಬ್ಬು ನಾರ್ತಿದೆ, ಹುಳ ಬಿದ್ದಿದೆ, ಎದುರುಮನೆಯವರು ಕಂಪ್ಲೇಂಟ್ ಕೊಡ್ತೀವಿ ಅಂತಿದಾರೆ, ಮುಚ್ಚಿಬಿಟ್ಟು ಹಸಿ ಕಸ ಆಟೋಗೇ ಕೊಟ್ಬಿಡೋಣ್ವಾ ದೊಡ್ಡಪ್ಪ ಅಂತ ಕೇಳಿದೀಯ. ಮುಚ್ಬೇಡ. ಆದ್ರೆ ನೀವೆಲ್ಲ ಸೇರ್ಕೊಂಡು 30 ಮನೆ ಕಸ ತಗೊಳ್ಳೋಕೆ ಶುರು ಮಾಡೋ ಮುಂಚೆ ಒಣ ಎಲೆ ಕೂಡಿಟ್ಟಿದ್ರಾ? ಇಲ್ಲ ಅಂತ ಫೋಟೋದಲ್ಲೇ ಕಾಣುತ್ತೆ. ಬಾಳೆಹಣ್ಣಿನ ಸಿಪ್ಪೆ, ಅನ್ನ, ಸಾಂಬಾರಿನ ನುಗ್ಗೆಕಾಯಿ, ಕಾಫಿ ಚರಟ, ಎಲ್ಲಾ ಇದೆ. ಎಲೆ ಒಂದೂ ಇಲ್ಲ. ಒಣ ಎಲೆ ಕೈಲಿಲ್ದೆ ಹಸಿ ಕಸ ಇಸ್ಕೊಳ್ಬಾರ್ದು ಕಣೇ.

ನಾವು ಹಳೇ ಮನೇಲಿದ್ದಾಗ ಪಾರ್ಕಲ್ಲಿ ಏನಾಯ್ತು ಅಂತ ನಿಮ್ಮಮ್ಮಂಗೆ ಗೊತ್ತು, ಕೇಳು. ಒಳ್ಳೇ ಹುಡುಗ್ರೇ, ಸಾಫ್ಟ್‌ವೇರ್‌ನೋರು, ಶನಿವಾರ ಭಾನುವಾರ ಬಂದು ದುಡಿಯೋರು. ಶುರು ಮಾಡಿದ್ದು ಆಷಾಢದಲ್ಲಿ! ನಮ್ಮೂರಲ್ಲಿ ಎಲೆ ಉದುರೋದು ಸಂಕ್ರಾಂತಿಯಿಂದ ಯುಗಾದಿವರೆಗೆ. ಹೊಂಗೆ, ಮಳೆಮರ ಎಲ್ಲಾ ಆಗಲೇ ಬೋಳಾಗೋದು. ಆಷಾಢದಲ್ಲಿ ಎಲೆ ಎಲ್ಲಿಂದ ತರ್ತಾರೆ? ಮೂರು ತೊಟ್ಟಿ ಕಟ್ಟಿಸಿದ್ರು, ಒಂದೊಂದೂ ನಾಲ್ಕಡಿ, ಒಳಗೂ ಹೊರಗೂ ಚೆಂದವಾಗಿ ಸಿಮೆಂಟ್ ಗಿಲಾವು. ಗೋಡೇಲಿ ಒಂದು ತೂತಿಲ್ಲ. ಇಟ್ಟಿಗೆ ಬಿಟ್ಟು ಇಟ್ಟಿಗೆ ಜಾಲಿ ಥರ ಕಟ್ಬೇಕಿತ್ತು. ಮೇಸ್ತ್ರಿಗೆ ಅದು ನೀರಿನ ತೊಟ್ಟಿ ಅನ್ನಿಸ್ತೋ ಏನೋ.

ಮೊದಲು ಚೆನ್ನಾಗೇ ಇತ್ತು. ಆಮೇಲೆ, ನೀರು ಹೀರಿ ಸಂದು ಬಿಡಿಸೋಕೆ ಒಣ ಎಲೆ ಇಲ್ದೆ, ಹಸಿ ಕಸ ತನ್ನ ಭಾರಕ್ಕೆ ತಾನೇ ಕೆಳಗಿಳೀತು. ತರಕಾರಿ ಸಿಪ್ಪೇಲಿ ಮುಕ್ಕಾಲು ಪಾಲಿಗೂ ಜಾಸ್ತಿ ನೀರೇ ಇರೋದು. ಅದು ಕೊಳೀತಾ ಮೆತ್ತಗಾಗಿ, ಸಂದು ಮುಚ್ಕೊಂಡು, ಗಾಳಿ ನಿಂತ್ಹೋಯ್ತು. ಗಾಳಿ ಬೇಕಾದ ಜೀವಾಣು ಸತ್ವು, ಗಾಳಿ ಬೇಡದವು ಎದ್ವು. ಕೊಳೆತ ಮೊಟ್ಟೆ ವಾಸನೆ, ವಾಕಿಂಗ್ ಪಾತ್ ಮೇಲೆ ಕರೀ ನೀರು. ಯಾರೋ ಪುಣ್ಯಾತ್ಮರು ಫಿನಾಯಿಲ್ ಸುರಿದು ಬ್ಲೀಚಿಂಗ್ ಪೌಡರ್ ಉದುರಿಸಿದ್ರು. ಅಳಿದುಳಿದ ಜೀವಾಣೂನೂ ಹೋಯ್ತು, ರಾಶಿ ತಣ್ಣಗಾಯ್ತು. ಬಿಸಿ ಇಲ್ಲ ಅಂದ್ಮೇಲೆ ನೊಣಕ್ಕೆ ಹಬ್ಬ. ಕೊನೆಗೆ ಒಂದಿನ ಟ್ರ್ಯಾಕ್ಟರ್ ಬಂತು, ಒಡೆದು ಹೊತ್ಕೊಂಡು ಹೋದ್ರು. ಮುಂದಿನ ಫೆಬ್ರವರೀಲಿ ಅದೇ ಜಾಗದಲ್ಲಿ ಎಲೆ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ರು.

ಇನ್ನೊಂದು ವಿಷ್ಯ. ಕಾರ್ಬನ್ ಫುಟ್‌ಪ್ರಿಂಟ್ ಕಡಿಮೆ ಮಾಡ್ತೀವಿ ಅಂತ ಬೋರ್ಡು ಹಾಕಿದೀರಲ್ಲ, ಗಾಳಿ ಆಡದ ತೊಟ್ಟಿ ಅದನ್ನ ಮಾಡಲ್ಲ. ಗಾಳಿ ಇಲ್ಲದ ಕಡೆ ಕೊಳೆತ್ರೆ ಮೀಥೇನ್ ಹುಟ್ಟುತ್ತೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತೆ. ಮೀಥೇನ್‌ಗೆ ವಾಸನೆ ಇಲ್ಲ, ನಿಮ್ಮ ಮೂಗಿಗೆ ಬಡೀತಿರೋದು ಬೇರೆ ಅನಿಲ, ಆದ್ರೆ ಎರಡೂ ಹುಟ್ಟೋ ಜಾಗ ಒಂದೇ. ಬೆಂಗಳೂರಿನ ಕಸ ಎಲ್ಲಾ ಪಕ್ಕದ ಮಂಡೂರಿಗೆ ಸುರಿದು ಸುರಿದು, 2014ರಲ್ಲಿ ಅಲ್ಲಿನ ಜನ ಸಾಕಪ್ಪಾ ಅಂತ ಲಾರಿ ನಿಲ್ಲಿಸಿದ್ರಲ್ಲ, ನೀವು ಪಾರ್ಕೊಳಗೆ ಕಟ್ಟಿರೋದು ಅದೇ ಮಂಡೂರಿನ ಮರಿ. ಅದಕ್ಕೇ ಮತ್ತೆ ಹೇಳ್ತೀನಿ, ಎಲ್ಲರಿಗೂ ಕೇಳಿಸ್ಲಿ: ಒಣ ಎಲೆ ಕೈಲಿಲ್ದೆ ಹಸಿ ಕಸ ಇಸ್ಕೊಳ್ಬಾರ್ದು.

ಅಲ್ಲ, ಎಲೆಗೇನು ಬರವಾ ಈ ಊರಲ್ಲಿ? ಗುಡಿಸೋರಿಗೆ ಚೀಲ ಕೊಡೋರಿಲ್ಲ, ತುಂಬಿದ್ದನ್ನ ತಗೊಂಡು ಹೋಗೋರಿಲ್ಲ, ಸೂಪರ್‌ವೈಸರ್ ಬರೋದ್ರೊಳಗೆ ಬೀದಿ ಖಾಲಿ ಇರ್ಬೇಕು. ಅವ್ರು ಕಡ್ಡಿ ಗೀರದೆ ಇನ್ನೇನು ಮಾಡ್ತಾರೆ? ಬಯಲಲ್ಲಿ ಕಸ ಸುಡಬಾರ್ದು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿದ್ರು. ಯಾರು ಕೇಳ್ತಾರೆ! ಜೂನ್ 5, ಪರಿಸರ ದಿನ ಬಂದ್ರೆ ಮಾತ್ರ ಟೀ ಶರ್ಟು, ಬ್ಯಾನರು, ಗಿಡ ಹಿಡ್ಕೊಂಡು ಫೋಟೋ. ಆಗಸ್ಟಲ್ಲಿ ರಾಶಿ ಮಗುಚೋಕೆ ಬನ್ನಿ ಅಂದ್ರೆ ಎಲ್ಲರಿಗೂ ಸೊಂಟನೋವು. ನಮ್ಮ ಮನೇವ್ರೇನು ಕಮ್ಮಿನಾ? ಈ ಗ್ರೂಪಲ್ಲೇ ಇದಾರೆ, ಹೆಸರು ಹೇಳಲ್ಲ, ಸಾಂಬಾರು ನೀರಿನ ಸಮೇತ ಹಸಿ ಬಕೆಟ್‌ಗೆ ಬಗ್ಗಿಸ್ತಾರೆ. ಸೋಸಿ ಹಾಕಿ ಅಂದ್ರೆ ಮುಖ ಊದಿಸ್ಕೊಳ್ತಾರೆ. ಇನ್ನು ಕಾಂಪೌಂಡಿನ ಮಾವಿನೆಲೆ ಕೊಡು ಅಂತ ನಿಮ್ಮ ಚಿಕ್ಕಪ್ಪನ್ನ ಕೇಳಿದ್ದಕ್ಕೆ...

ಅಯ್ಯೋ, ಬಿಡು ಅದು. ನೀನು ಕೇಳಿದ್ದು ವಾಸನೆ ಹೋಗೋಕೆ ಏನು ಮಾಡೋದು ಅಂತ. ಬರ್ಕೋ.

ಒಂದು ವಾರ ಹೊಸ ಕಸ ಬೇಡ, ಆಟೋಗೇ ಹೋಗ್ಲಿ. ತೊಟ್ಟೀಲಿರೋದನ್ನೆಲ್ಲ ಟಾರ್ಪಾಲ್ ಮೇಲೆ ತೆಗೀರಿ. ಅಷ್ಟೇ ಅಳತೆ ಒಣ ಪದಾರ್ಥ ಸೇರಿಸಿ ಕಲಸಿ, ಇನ್ನೂ ಪಿಚಪಿಚ ಅಂದ್ರೆ ಮತ್ತೆ ಅರ್ಧದಷ್ಟು. ಎಲೆ ಸಿಗದಿದ್ರೆ ಸಾಮಿಲ್‌ನಲ್ಲಿ ಮರದ ಹೊಟ್ಟು ಸಿಗುತ್ತೆ, ಪ್ಲೈವುಡ್ಡಿಂದು ಬೇಡ, ಅದರಲ್ಲಿ ಅಂಟು ಇರುತ್ತೆ. ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಆದ್ರೂ ಆಗುತ್ತೆ, ಆದ್ರೆ ಒಣಗಿರ್ಬೇಕು. ಒಂದು ಹಿಡಿ ತಗೊಂಡು ಬಲವಾಗಿ ಹಿಂಡು: ಬೆರಳ ಸಂದೀಲಿ ಒಂದೆರಡು ಹನಿ ಬಂದ್ರೆ ಹದ. ಧಾರೆ ಬಂದ್ರೆ ಇನ್ನೂ ಒಣದು ಬೇಕು, ಪುಡಿ ಉದುರಿದ್ರೆ ನೀರು ಚಿಮುಕಿಸ್ಬೇಕು. ತೊಟ್ಟಿ ತಳಕ್ಕೆ ಅರ್ಧ ಅಡಿ ಕಡ್ಡಿ, ತೆಂಗಿನ ಚಿಪ್ಪು. ನಡುವೆ ನಾಲ್ಕಿಂಚಿನ ಪಿವಿಸಿ ಪೈಪು ನೆಟ್ಟಗೆ ನಿಲ್ಸಿ, ಸುತ್ತ ಡ್ರಿಲ್ ಹೊಡೆದು ತೂತು ಮಾಡಿರ್ಬೇಕು. ಗೋಡೆಗೂ ಅರ್ಧ ಅಡಿಗೊಂದು ತೂತು. ಎರಡು ಬಾಂಡ್ಲಿ ಹಳೇ ಗೊಬ್ಬರ ಇಲ್ಲಾ ಸಗಣಿ ಬಗ್ಗಡ ಬೆರೆಸಿ ವಾಪಸ್ ತುಂಬಿ. ತುಳೀಬೇಡಿ. ಮೇಲೆ ಮೂರಿಂಚು ಒಣ ಹೊದಿಕೆ.

ಎರಡು ಮೂರು ದಿನ ಬಿಟ್ಟು ಕಬ್ಬಿಣದ ಸರಳು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟು. ಹಿಡಿಯೋಕಾಗದಷ್ಟು ಬಿಸಿ ಇದ್ರೆ ಕೆಲಸ ನಡೀತಿದೆ ಅಂತ. ಒಳಗೆ 55 ಡಿಗ್ರಿ ದಾಟಿ ಮೂರು ದಿನ ನಿಂತ್ರೆ ರೋಗಾಣು, ಕಳೆ ಬೀಜ ಬಹುಪಾಲು ಸಾಯುತ್ತೆ. ವಾರಕ್ಕೊಂದ್ಸಲ ಮಗುಚ್ಬೇಕು, ಗುದ್ದಲಿ ಅಲ್ಲ, ಹಲ್ಲಿರೋ ಫೋರ್ಕು. ಗುದ್ದಲಿ ಒತ್ತಿ ಮುದ್ದೆ ಮಾಡುತ್ತೆ. ಇನ್ಮೇಲೆ ಕಣ್ಣು ಉರಿಯೋ ಘಾಟು ಬಂದ್ರೆ ಅದು ಅಮೋನಿಯ, ಹಸಿ ಜಾಸ್ತಿ ಆಗಿದೆ, ಎಲೆ ಸೇರ್ಸು. ಮೊಟ್ಟೆ ವಾಸನೆ ಬಂದ್ರೆ ಗಾಳಿ ಇಲ್ಲ, ಮಗುಚು.

ಹುಳದ್ದು ಹೇಳ್ದೆ ಬಿಟ್ಟೆ ನೋಡು. ನಿನ್ನ ಫೋಟೋಲಿರೋದು ಕಂದು ಬಣ್ಣ, ಚಪ್ಪಟೆ, ಮೈಮೇಲೆ ಪಟ್ಟಿ ಪಟ್ಟಿ. ಅದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ, ಕಸ ತಿಂದು ಕರಗಿಸುತ್ತೆ, ಕಾಯಿಲೆ ತರಲ್ಲ. ಬೆಳ್ಳಗೆ ಸಣ್ಣಗೆ, ಒಂದು ತುದಿ ಚೂಪಾಗಿದ್ರೆ ಮನೆ ನೊಣದ್ದು, ಅದಕ್ಕೆ ಹೊದಿಕೆ ದಪ್ಪ ಮಾಡಿ.

ಆಮೇಲಿನ ಲೆಕ್ಕ. ಮನೆಗೆ ದಿನಕ್ಕೆ ಅರ್ಧದಿಂದ ಮುಕ್ಕಾಲು ಕೆಜಿ ಹಸಿ ಅಂದ್ರೆ 30 ಮನೆಗೆ ಸುಮಾರು 20 ಕೆಜಿ. ಒಂದು ಬಕೆಟ್ ಹಸಿಗೆ ಎರಡು ಬಕೆಟ್ ಪುಡಿ ಎಲೆ ಹಾಕಿದ್ರೆ, ದಿನಕ್ಕೆ ಹತ್ತಿರ ಹತ್ತಿರ ಒಂದು ಅಕ್ಕಿ ಚೀಲ ತುಳಿದು ತುಂಬಿದ ಎಲೆ ಬೇಕು. ಜೂನ್‌ನಿಂದ ಅಕ್ಟೋಬರ್‌ಗೆ 150 ಚೀಲ. ಫೆಬ್ರವರೀಲೇ ತುಂಬಿ, ಪಾರ್ಕಿನ ಶೆಡ್ಡಲ್ಲಿ ನೆಲದಿಂದ ಎತ್ತರಿಸಿ ಪೇರಿಸಿ. ಮಳೆಮರದ ಸಣ್ಣೆಲೆ ಬೇಗ ಕರಗುತ್ತೆ. ಮಾವು, ಹಲಸು ತುಂಡು ಮಾಡ್ದೆ ಹಾಕಿದ್ರೆ ತಿಂಗಳುಗಟ್ಲೆ ಹಾಗೇ ಇರುತ್ತೆ. ಅಷ್ಟು ಎಲೆಗೆ ಜಾಗ ಇಲ್ಲ ಅಂದ್ರೆ 30 ಮನೆ ಬಿಡಿ, 10 ಮನೆ ಕಸ ತಗೊಳ್ಳಿ. ತೊಟ್ಟಿ ಹೊಸದಾಗಿ ಕಟ್ಟಿಸೋ ಹಾಗಿದ್ರೆ ಮೊದ್ಲು ಎಚ್‌ಎಸ್‌ಆರ್ ಲೇಔಟಿನ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋಗ್ಬನ್ನಿ, ನಾನಾ ನಮೂನೆ ಕಾಂಪೋಸ್ಟರ್ ಇಟ್ಟಿದಾರೆ, ನೋಡಿ ಮೇಸ್ತ್ರಿಗೆ ಹೇಳಬಹುದು.

ಟಾರ್ಪಾಲು ನಮ್ಮನೆ ಅಟ್ಟದ ಮೇಲಿದೆ, ಭಾನುವಾರ ಬೆಳಿಗ್ಗೆ ಬಂದು ತಗೊಂಡು ಹೋಗು. ಎದುರುಮನೆಯವರಿಗೆ ಒಂದು ವಾರ ಟೈಮ್ ಕೇಳು, ಮತ್ತೆ ಬ್ಲೀಚಿಂಗ್ ಪೌಡರ್ ಮಾತ್ರ ಯಾರ ಕೈಗೂ ಸಿಗದ ಹಾಗೆ ನೋಡ್ಕೋ.