ಸಹಾಯ ಬೇಕು: ಪದದ ಮೂಲ ಹೇಳಿ ಇಂಗ್ಲಿಷ್ ಸ್ಪೆಲ್ಲಿಂಗ್ ಕಲಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಗದಗದ ಬೆಟಗೇರಿಯಲ್ಲಿ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊನ್ನೆ ಒಬ್ಬ ಹುಡುಗಿ 'ಸ್ಟಮಕ್' ಅನ್ನೋದನ್ನ 'ಸ್ಟಮಚ್' ಅಂತ ಓದಿದಳು. ತಿದ್ದಿದೆ. "ಸಿ ಎಚ್ ಅಂದ್ರೆ ಚ ಅಲ್ವಾ ಟೀಚರ್, ಮತ್ತೆ ಮಶೀನ್‌ನಲ್ಲಿ ಶ ಯಾಕೆ?" ಅಂದಳು. ಸುಮ್ನೆ ಬಾಯಿಪಾಠ ಮಾಡು ಅನ್ನೋಕೆ ಮನಸ್ಸಾಗಲಿಲ್ಲ.

ಚೈಲ್ಡ್, ಚಿನ್ ಹಳೆ ಇಂಗ್ಲಿಷಿನವು, ಅಲ್ಲಿ ಚ. ಸ್ಕೂಲ್, ಸ್ಟಮಕ್, ಕೆಮಿಸ್ಟ್ರಿ ಗ್ರೀಕ್ ಮೂಲದವು, ಅಲ್ಲಿ ಕ. ಮಶೀನ್, ಶೆಫ್ ಫ್ರೆಂಚಿನಿಂದ ತಡವಾಗಿ ಬಂದವು, ಅಲ್ಲಿ ಶ. ಇಷ್ಟು ಹೇಳಿದೆ. ಆದರೆ ಚೇರ್ ಕೂಡ ಫ್ರೆಂಚಿನದೇ, 1066ರಲ್ಲಿ ಫ್ರಾನ್ಸ್ ಕಡೆಯ, ಫ್ರೆಂಚ್ ಮಾತಾಡುತ್ತಿದ್ದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಬಂದ ಪದ, ಆ ಕಾಲದ ಫ್ರೆಂಚಿನಲ್ಲೂ ಅದು ಚ ಆಗಿತ್ತು, ಶ ಆಗಿದ್ದು ಆಮೇಲೆ. ಇದನ್ನು ಮಕ್ಕಳಿಗೆ ಹೇಗೆ ಬಿಡಿಸಿ ಹೇಳೋದು? ನಮ್ಮಲ್ಲಿ ಭೂಮಿ, ಘಂಟೆ ತರ ಮಹಾಪ್ರಾಣ ಕಂಡರೆ ಜಾಸ್ತಿ ಸಂಸ್ಕೃತದ್ದು ಅಂತಾರಲ್ಲ, ಅಲ್ಲಿಂದ ಶುರು ಮಾಡಲಾ?

ಧಾರವಾಡ, ಹಾವೇರಿ ಕಡೆಯ ಶಿಕ್ಷಕರು ಯಾರಾದರೂ ಹೀಗೆ ಮೂಲದ ಪ್ರಕಾರ ಪದಗಳ ಪಟ್ಟಿ ಮಾಡಿಟ್ಟಿದ್ದರೆ ದಯವಿಟ್ಟು ಫೋಟೊ ಹಾಕಿ. ಸೋಮವಾರ ಮತ್ತೆ ಕ್ಲಾಸ್ ಇದೆ, ಆ ಹುಡುಗಿ ಖಂಡಿತ ಕೇಳ್ತಾಳೆ.