ತೆಗೆದ ಕೆಲಸಗಾರರನ್ನೇ ಮತ್ತೆ ಸೇರಿಸಿಕೊಂಡರೆ 80ಜೆಜೆಎಎ ತೆರಿಗೆ ಕಡಿತ ಸಿಗುತ್ತದೆಯೇ?

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ಮಷಿನ್ ಶಾಪ್. ಆರ್ಡರ್ ಇಳಿದು ಕಳೆದ ವರ್ಷ 26 ಜನರಲ್ಲಿ ಮೂವರನ್ನು ಬಿಡಬೇಕಾಯಿತು. ಅವರನ್ನೇ 18,000 ಸಂಬಳಕ್ಕೆ ವಾಪಸ್ ಕರೆದರೆ ತೆರಿಗೆಯಲ್ಲಿ ಏನು ಸಿಗುತ್ತದೆ? ಟ್ಯಾಕ್ಸ್ ಆಡಿಟ್ ಆಗುತ್ತದೆ.

ಉತ್ತರ 1: 80ಜೆಜೆಎಎ, ಅಂದರೆ ಹೆಚ್ಚುವರಿ ನೌಕರರ ಸಂಬಳಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ ಕಡಿತ, ಸಿಗುತ್ತದೆ ಸರ್. ಹಳಬರೋ ಹೊಸಬರೋ ಎಂಬುದು ಮುಖ್ಯವಲ್ಲ, ಹಿಂದಿನ ಮಾರ್ಚ್ 31ರ ತಲೆಯೆಣಿಕೆ ಮುಖ್ಯ. ಅಂದು 23 ಇದ್ದು ಈಗ 26 ಆದರೆ ಮೂವರೂ ಲೆಕ್ಕಕ್ಕೆ ಬರುತ್ತಾರೆ. ಅದೇ ವರ್ಷ ತೆಗೆದು ಅದೇ ವರ್ಷ ಸೇರಿಸಿಕೊಂಡರೆ ಏರಿಕೆಯೇ ಇಲ್ಲ, ಏನೂ ಸಿಗದು. ಏಪ್ರಿಲ್ 1ಕ್ಕೇ ಸೇರಿದರೆ ಮೂವರ ವರ್ಷದ ಸಂಬಳ 6,48,000; ಅದರ 30%, ಅಂದರೆ 1,94,400, ಮೂರು ವರ್ಷ ಪ್ರತಿ ವರ್ಷವೂ ಆದಾಯದಿಂದ ಕಳೆಯಬಹುದು. ಇದು ಸಂಬಳ ಖರ್ಚಿನ ಜೊತೆಗೆ ಹೆಚ್ಚುವರಿ. ಹೊಸ ತೆರಿಗೆ ಪದ್ಧತಿಯಲ್ಲೂ ಉಂಟು.

ಉತ್ತರ 2: ಎಡವುವುದು ದಿನಗಳಲ್ಲಿ. ವರ್ಷದಲ್ಲಿ 240 ದಿನ ಕೆಲಸದಲ್ಲಿರಬೇಕು. ಆಗಸ್ಟ್ 4 ದಾಟಿ ಸೇರಿದರೆ ಆ ವರ್ಷ ಹೋಯಿತು, ಮುಂದಿನ ವರ್ಷ 240 ತುಂಬಿದರೆ ಆಗ ಎಣಿಸುತ್ತಾರೆ. ಓವರ್‌ಟೈಮ್ ಸೇರಿ ತಿಂಗಳಿಗೆ 25,000 ಮೀರದಂತೆ ದಯವಿಟ್ಟು ನೋಡಿಕೊಳ್ಳಿ. ಪಿಎಫ್ ಕಡ್ಡಾಯ, ಅವರ ಹಳೆಯ ಯುಎಎನ್ (ಪಿಎಫ್ ಸದಸ್ಯರ) ನಂಬರನ್ನೇ ಮುಂದುವರಿಸಿ. ಸಂಬಳ ಬ್ಯಾಂಕ್ ಮೂಲಕವೇ ಹೋಗಲಿ, ಅಡ್ವಾನ್ಸ್ ಕೂಡ ನಗದು ಬೇಡ.

ಉತ್ತರ 3: ಸಿಎ ಸಹಿಯ ಫಾರ್ಮ್ 10ಡಿಎ (ಈ ಕಡಿತ ಕೇಳಲು ಬೇಕಾದ ವರದಿ), ರಿಟರ್ನ್ ಗಡುವಿಗೆ ಒಂದು ತಿಂಗಳು ಮುಂಚೆಯೇ ಹೋಗಬೇಕು. 44ಎಡಿ ಸೆಕ್ಷನ್‌ನಡಿ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವವರಿಗೆ ಈ ಕಡಿತ ಇಲ್ಲ.