ಒಬ್ಬರೇ ಆಡುವ ಕಥೆಯ ಗೇಮೋ, ಆನ್‌ಲೈನ್ ಪೈಪೋಟಿಯ ಗೇಮೋ?

ಕೋಟೆಬಾಗಿಲು (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಸೇಡಂ ರಸ್ತೆಯ ಕಡೆ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ರಾತ್ರಿ ಊಟವಾದ ಮೇಲೆ ಒಂದು, ಒಂದೂವರೆ ಗಂಟೆ ಬಿಡುವು ಸಿಗುತ್ತದೆ. ಪಕ್ಕದ ಕೋಣೆಯವರು ಐವರು ಐವರ ವಿರುದ್ಧ ಆನ್‌ಲೈನ್‌ನಲ್ಲಿ ಆಡುವ ಬಂದೂಕಿನ ಗೇಮ್ ವ್ಯಾಲರಂಟ್‌ಗೆ ತಮ್ಮ ತಂಡಕ್ಕೆ ಐದನೆಯವನಾಗಿ ಬಾ ಎಂದು ಕರೆಯುತ್ತಿದ್ದಾರೆ. ನನಗೋ ವಿಚರ್ 3, ಎಲ್ಡನ್ ರಿಂಗ್, ಬಾಲ್ಡರ್ಸ್ ಗೇಟ್ 3ರಂಥ, ಪಾತ್ರವೊಂದಾಗಿ ಕಥೆಯೊಳಗೆ ಸಾಗುವ ರೋಲ್ ಪ್ಲೇಯಿಂಗ್ ಗೇಮ್‌ಗಳತ್ತ ಒಲವು. ಕಂಪ್ಯೂಟರಿನಲ್ಲಿ 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇವೆ. ಬೇಸಿಗೆಯಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುವುದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದೇ. ಇಂಥ ಸ್ಥಿತಿಯಲ್ಲಿ ಯಾವುದಕ್ಕೆ ಸಮಯ ಕೊಡುವುದು ಸೂಕ್ತ?

ಬಿದ್ರಿ_ಹೂಜಿ (ಬೀದರ್):
ಯಾವುದು ಶ್ರೇಷ್ಠ ಎಂಬ ವಾದಕ್ಕೆ ಕೊನೆಯಿಲ್ಲ. ಆಡುವಾಗ ಸಮಯ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಮೊದಲು ನೋಡಿ. ವ್ಯಾಲರಂಟ್‌ನಲ್ಲಿ ಒಂದು ತಂಡ 13 ಸುತ್ತು ಗೆಲ್ಲುವವರೆಗೆ ಪಂದ್ಯ ನಡೆಯುತ್ತದೆ, 12-12ಕ್ಕೆ ಸಮವಾದರೆ ಇನ್ನೂ ಮುಂದುವರಿಯುತ್ತದೆ. ನಡುವೆ ಕರೆಂಟ್ ಹೋದರೆ ನಿಮ್ಮ ನಾಲ್ವರು ಎದುರಿನ ಐವರನ್ನು ಎದುರಿಸಬೇಕು. ಮತ್ತೆ ಮತ್ತೆ ಹೀಗಾದರೆ ರ‍್ಯಾಂಕ್ ಅಂಕಗಳು ಕಡಿತವಾಗಿ, ಕೆಲಕಾಲ ನಿಮ್ಮನ್ನು ಪಂದ್ಯಕ್ಕೇ ಸೇರಿಸುವುದಿಲ್ಲ. ತಂತಿ ಕಡಿದಿತ್ತೋ, ನೀವೇ ಎದ್ದು ಹೋದಿರೋ, ಸರ್ವರಿಗೆ ಎರಡೂ ಒಂದೇ.

2015ರಲ್ಲಿ ಬಂದ ವಿಚರ್ 3ರಲ್ಲಿ ಕಾಳಗದ ಹೊರಗೆ ಬಹುತೇಕ ಎಲ್ಲಿ ಬೇಕಾದರೂ ಸೇವ್ ಮಾಡಿ ಏಳಬಹುದು. ಅದಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ. ಅದರಲ್ಲಿ ಗುಡ್ಡವೊಂದರ ಮರದ ಬುಡದಲ್ಲಿ ಸೆರೆಯಾಗಿರುವ ಆತ್ಮವೊಂದು ಎದುರಾಗುತ್ತದೆ. ಬಿಡಿಸುವಿರೋ, ಕೊಲ್ಲುವಿರೋ ಎಂಬುದು ನಿಮಗೆ ಬಿಟ್ಟದ್ದು. ಇದು ಸರಿ, ಇದು ತಪ್ಪು ಎಂದು ಗೇಮ್ ಎಲ್ಲೂ ಹೇಳುವುದಿಲ್ಲ, ಆದರೆ ಎಷ್ಟೋ ಹೊತ್ತಿನ ಮೇಲೆ ಆ ತೀರ್ಮಾನದ ಫಲವನ್ನು ಬೇರೆ ಯಾರೋ ಉಣ್ಣುತ್ತಿರುವುದು ಕಣ್ಣಿಗೆ ಬೀಳುತ್ತದೆ. ಕಂಪ್ಯೂಟರ್ ಆರಿಸಿದ ಮೇಲೂ ಅದು ತಲೆಯಲ್ಲಿ ಕೊರೆಯುತ್ತಿರುತ್ತದೆ.

ತೊಗರಿಹೊಲ (ಯಾದಗಿರಿ):
ಅಣ್ಣನವರ ಲೆಕ್ಕ ಒಪ್ಪುತ್ತೇನೆ, ಆದರೆ ಪೈಪೋಟಿಯ ಗೇಮ್‌ಗೆ ಇಲ್ಲಿ ನ್ಯಾಯ ಸಿಗಲಿಲ್ಲ. ವ್ಯಾಲರಂಟ್‌ನಲ್ಲಿ ಎದುರಾಳಿ ತಂಡ ಇಟ್ಟ ಸ್ಪೈಕ್ ಎಂಬ ಬಾಂಬನ್ನು ಡಿಫ್ಯೂಸ್ (ನಿಷ್ಕ್ರಿಯ) ಮಾಡಲು 7 ಸೆಕೆಂಡ್ ಬೇಕು, ಆ ಶಬ್ದ ಎದುರಾಳಿಗೂ ಕೇಳಿಸುತ್ತದೆ. ಪಳಗಿದವನು ಶಬ್ದವನ್ನಷ್ಟೇ ಮಾಡಿ ಕೈಬಿಟ್ಟು, ಓಡಿ ಬರುವವನಿಗೆ ಗುರಿಯಿಟ್ಟು ನಿಲ್ಲುತ್ತಾನೆ. ಒಮ್ಮೆ ಮೋಸಹೋದವನು ಮುಂದಿನ ಸಲ ಶಬ್ದ ಕೇಳಿಯೂ ಅಲುಗಾಡುವುದಿಲ್ಲ, ಅಷ್ಟರಲ್ಲಿ ಇವನು ನಿಜವಾಗಿಯೇ ಡಿಫ್ಯೂಸ್ ಮುಗಿಸಿಬಿಡುತ್ತಾನೆ. ಎದುರಿಗೆ ಮನುಷ್ಯನೇ ಇರದಿದ್ದರೆ ಈ ಹಗ್ಗಜಗ್ಗಾಟ ಎಲ್ಲಿಂದ ಬರಬೇಕು?

ಖರ್ಚಿನ ಮಾತೂ ಇದೆ. ವ್ಯಾಲರಂಟ್ ಉಚಿತ, ದುಡ್ಡು ಕೊಟ್ಟು ಕೊಳ್ಳುವ, ಬಣ್ಣ-ವಿನ್ಯಾಸದ ಹೊದಿಕೆಯಂಥ ಸ್ಕಿನ್‌ಗಳಿಂದ ಬಂದೂಕಿನ ಅಂದ ಹೆಚ್ಚುತ್ತದೆಯೇ ಹೊರತು ಬಲವಲ್ಲ. 2023ರ ಬಾಲ್ಡರ್ಸ್ ಗೇಟ್ 3 ಆಡಲು 150 ಜಿಬಿ ಜಾಗ ಬೇಕು, ಅದೂ ವೇಗದ ಸಂಗ್ರಹ ಡ್ರೈವ್ ಆದ ಎಸ್‌ಎಸ್‌ಡಿಯಲ್ಲಿ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರು ಅದನ್ನು ಮರೆತುಬಿಡುವುದೇ ಒಳ್ಳೆಯದು. ಪಿಂಗ್, ಅಂದರೆ ಡೇಟಾ ಗೇಮಿನ ಸರ್ವರಿಗೆ ಹೋಗಿಬರಲು ಹಿಡಿಯುವ ಸಮಯದ ಬಗ್ಗೆ ಬಹಳ ಜನ ವೃಥಾ ಹೆದರುತ್ತಾರೆ. ಸರ್ವರ್ ಮುಂಬೈಯಲ್ಲಿದೆ, ಕಲಬುರಗಿಯಿಂದ ಐನೂರು ಚಿಲ್ಲರೆ ಕಿಲೋಮೀಟರ್ ಅಂತರವನ್ನು ಫೈಬರ್‌ನೊಳಗಿನ ಬೆಳಕು ಸುಮಾರು 6 ಮಿಲಿಸೆಕೆಂಡ್‌ನಲ್ಲಿ ಹೋಗಿಬರಬಲ್ಲದು. ಪಿಂಗ್ ಅದಕ್ಕಿಂತ ಎಷ್ಟೋ ಪಟ್ಟು ಏರುವುದು ಡೇಟಾ ಸುತ್ತುಬಳಸಿ ಸಾಗುವುದರಿಂದ ಮತ್ತು ಮನೆಯ ವೈಫೈಯಿಂದ. ರೂಟರ್‌ನಿಂದ ನೇರ ಕೇಬಲ್ ಎಳೆದುಕೊಂಡರೆ ಅರ್ಧ ತೊಂದರೆ ತೀರುತ್ತದೆ.

ಕೋಟೆಬಾಗಿಲು (ಕಲಬುರಗಿ):
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಎಲ್ಡನ್ ರಿಂಗ್‌ನಿಂದಲೇ ಆರಂಭಿಸಲೇ? ಅದೂ ಒಬ್ಬರೇ ಆಡಬಹುದಾದ ಗೇಮ್ ಅಲ್ಲವೇ?

ಬಿದ್ರಿ_ಹೂಜಿ (ಬೀದರ್):
ಸದ್ಯಕ್ಕೆ ಬೇಡ. ಅದಕ್ಕೆ ಕನಿಷ್ಠ 12 ಜಿಬಿ ರ‍್ಯಾಮ್ ಬೇಕು, ನಿಮ್ಮಲ್ಲಿ 8 ಇದೆ. ಮೇಲಾಗಿ ಒಬ್ಬರೇ ಆಡುತ್ತಿದ್ದರೂ ಅದರಲ್ಲಿ ಬೇಕೆಂದಾಗ ಒತ್ತಿ ಆಟವನ್ನು ತಡೆದು ನಿಲ್ಲಿಸಲು ಪಾಜ್ ಬಟನ್ ಇಲ್ಲ. ಮೆನು ತೆರೆದಿಟ್ಟು ಬಾಗಿಲು ತೆಗೆಯಲು ಎದ್ದರೆ, ಬರುವಷ್ಟರಲ್ಲಿ ರಾಕ್ಷಸ ನಿಮ್ಮನ್ನು ಮುಗಿಸಿರುತ್ತಾನೆ. ಪ್ರಗತಿ ತಾನಾಗಿಯೇ ಸೇವ್ ಆಗುತ್ತಿರುತ್ತದೆ ಎಂಬುದೊಂದೇ ಸಮಾಧಾನ.

ವಾರದ ದಿನಗಳಲ್ಲಿ ವಿಚರ್ 3 ಆಡಿ. 2022ರ ಡಿಸೆಂಬರ್ ಅಪ್‌ಡೇಟ್ ಕಾರ್ಡಿನ ಮೇಲೆ ಹೆಚ್ಚು ಹೊರೆ ಹಾಕುವುದರಿಂದ, ಆರಂಭದಲ್ಲಿ ಕೇಳುವ ಎರಡು ಗ್ರಾಫಿಕ್ಸ್ ಆಯ್ಕೆಗಳಲ್ಲಿ ಹಗುರವಾದ ಡೈರೆಕ್ಟ್‌ಎಕ್ಸ್ 11 ಒತ್ತಿ. ಪಕ್ಕದ ಕೋಣೆಯವರ ಕರೆಗೆ ಭಾನುವಾರ ಹೋಗಿ, ಆದರೆ ಅದಕ್ಕೆ ಮುಂಚೆ ಕಂಪ್ಯೂಟರ್ ಜೊತೆಗೆ ರೂಟರನ್ನೂ ಯುಪಿಎಸ್‌ಗೆ ಜೋಡಿಸಿಕೊಳ್ಳಿ. ಬಹಳ ಮಂದಿ ಕಂಪ್ಯೂಟರ್ ಉಳಿಸಿಕೊಂಡು ರೂಟರನ್ನು ಮರೆಯುತ್ತಾರೆ.